ಮಗ್ಗದ ಕುಣಿಯಲ್ಲಿ ನಳದ ನೀರು

ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಬಾಡಿಗೆಗಿದ್ದೆವು. ನಗರಸಭೆಯ ವರದಿ ಮಾಡುವುದು ನನ್ನ ಕೆಲಸ. ಗದಗದ ಆಚೆ, ಬಿಂಕದಕಟ್ಟಿಯ ಕಡೆ, ಹೊಲಗಳು ನಿವೇಶನಗಳಾಗುತ್ತಿದ್ದುದನ್ನು ಬರೆದಿದ್ದೆ. ನಾನಿದ್ದ ಓಣಿಗೆ ಅಗಲವಾಗಲು ಜಾಗವಿರಲಿಲ್ಲ. ಅದು ಮೇಲಕ್ಕೆ ಬೆಳೆಯುತ್ತಿತ್ತು. ನಳ ಮಾತ್ರ ಅಜ್ಜನ ಕಾಲದಲ್ಲಿದ್ದಂತೆ ಮನೆಗೊಂದೇ, ಅದರಲ್ಲೂ ನೀರು ಬರುತ್ತಿದ್ದುದು ವಾರ ದಾಟಿದ ಮೇಲೆ.

ಮನೆಯ ಮಾಲೀಕ ನೇಯ್ಗೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಮಗ್ಗ ತೆಗೆದ ಮೇಲೆ ಅದರ ಕೆಳಗಿನ ಕುಣಿ, ಅಂದರೆ ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿ, ಖಾಲಿ ಉಳಿದಿತ್ತು. ಅದನ್ನೇ ಆಳವಾಗಿ ತೋಡಿ, ಮುಚ್ಚಳ ಹಾಕಿ ನೀರಿನ ಟಾಕಿ ಮಾಡಿಕೊಂಡಿದ್ದ. ಓಣಿಯ ಉಳಿದವರು ಮಾಡಿದ್ದೂ ಅದನ್ನೇ. ನಮಗೂ, ಪಕ್ಕದ ಕೋಣೆಯಲ್ಲಿದ್ದ ಬಾಣಂತಿಯ ಮನೆಯವರಿಗೂ ನೀರು ಅದರಿಂದಲೇ.

ಗೋಡೆಯ ಆಚೆ ಅವನ ದೊಡ್ಡವ್ವ ಒಬ್ಬಳೇ ಇದ್ದಳು. ಓಣಿಯಲ್ಲಿ ಉಳಿದಿದ್ದ ಕೊನೆಯ ಮಗ್ಗ ಅವಳದು. ಮೊದಲು ಎರಡೂ ಸೇರಿ ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ಎರಡು ಮಗ್ಗಗಳ ನಡುವೆ ಗೋಡೆ ಎದ್ದಿತ್ತು. ಗೋಡೆ ನೆಲದ ಮೇಲಿತ್ತು. ನೆಲದ ಕೆಳಗೆ ಎರಡು ಕುಣಿಗಳ ನಡುವೆ ಇದ್ದದ್ದು ಮೊಳದಷ್ಟು ಮಣ್ಣು.

ಒಂದು ಬೆಳಿಗ್ಗೆ ಅವಳು ಚೀರಿದ್ದು ಕೇಳಿ ಕೆಳಗೆ ಓಡಿದೆ. ಹಾವು ಕಂಡಿರಬೇಕು ಅಂದುಕೊಂಡೆ. ಅವಳು ಮಗ್ಗದ ಮುಂದೆ ಕುಳಿತಿದ್ದಳು. ಎಂದಿನಂತೆ ಕುಣಿಗೆ ಕಾಲು ಬಿಟ್ಟವಳು ಮೊಣಕಾಲವರೆಗೆ ನೀರಲ್ಲಿದ್ದಳು. ಓಣಿಯ ಯಾವ ನಳದಲ್ಲೂ ಅಂದು ಒಂದು ಹನಿ ಇರಲಿಲ್ಲ.

"ನಿನ್ನ ಟಾಕಿ ನನ್ನ ಕುಣಿಯಾಗ ಬಂದು ಕುಂತೈತಿ ನೋಡಪಾ," ಅಂದಳು, ಒಳಗೆ ಬಂದ ಮಾಲೀಕನಿಗೆ.

"ನಮ್ಮ ನೀರಲ್ಲ ದೊಡ್ಡವ್ವಾ. ಬುಡದಾಗ ಬುಗ್ಗಿ ಎದ್ದಿರಬೇಕು."

"ಬುಗ್ಗಿ ಎದ್ದಿದ್ರ ಪೂಜಿ ಮಾಡಿ ಉಡಿ ತುಂಬತಿದ್ನಿ. ಮೂಸಿ ನೋಡಲೇ, ಬ್ಲೀಚಿಂಗ್ ಪುಡಿ ನಾರಾಕತ್ತೈತಿ."

ಅವನ ಹೆಂಡತಿ ಬಾಗಿಲಲ್ಲೇ ನಿಂತು, "ನಮ್ಮದ ಅಂದ್ರ ನಮಗ ಕೊಡ್ರಿ ಅತ್ತಿ, ಕೊಡ ತರತೀನಿ," ಅಂದಳು.

"ಒಯ್ಯವಾ. ರಾತ್ರಿಯೆಲ್ಲ ನನ್ನ ಮನ್ಯಾಗ ಇತ್ತಲ್ಲ, ಬಾಡಿಗಿ ಇಟ್ಟು ಒಯ್ಯಿ."

ನೆರೆದವರು ನಕ್ಕರು. ನನಗೆ ನಗು ಬರಲಿಲ್ಲ. ಹಾಗಾದರೆ ಈ ಸಾಲಿನ ಮನೆಗಳೆಲ್ಲ ನಿಂತಿರುವುದು ನೀರಿನ ಮೇಲೆಯೇ? ನನ್ನ ಹೆಂಡತಿ ಆಗ ಅದೇ ಟಾಕಿಯ ಮೇಲಿನ ಮಹಡಿಯಲ್ಲಿ ಚಹಾ ಕಾಸುತ್ತಿದ್ದಳು.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ತೇವ ಏರಿದರೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ, ಎಳೆಗಳು ಹಾಳಾಗುತ್ತವೆ, ಇನ್ನೊಂದು ಹಾಸು ಏರಿಸಿಕೊಡುವವರು ಊರಲ್ಲಿ ಯಾರೂ ಉಳಿದಿಲ್ಲ ಅಂದಳು ದೊಡ್ಡವ್ವ. ಮಾಲೀಕ ತಪ್ಪು ಒಪ್ಪಿಕೊಂಡ. ಟಾಕಿ ಬರಿದು ಮಾಡಿ, ಗೌಂಡಿಯನ್ನು ಕರೆಸಿ ಅದರೊಳಗೆ ಗೋಡೆಯ ಬದಿಗೆ ಸಿಮೆಂಟು ಹಚ್ಚಿಸಿದ. ಅವಳ ಕುಣಿ ಆರಿತು, ಮಗ್ಗದ ಸದ್ದು ಮತ್ತೆ ಕೇಳಿಸಿತು.

ಸಿಮೆಂಟು ಇನ್ನೂ ಹಸಿ ಇರುವಾಗಲೇ ನಳದಲ್ಲಿ ನೀರು ಬಂತು, ಟಾಕಿಗೆ ಬಿಡುವಂತಿರಲಿಲ್ಲ. ಹಿಂದಿನ ಸರದಿ ಪೈಪು ಒಡೆದು ತಪ್ಪಿಹೋಗಿತ್ತು. ಮುಂದಿನದು ಯಾವಾಗ ಎಂದು ಹೇಳುವವರಿರಲಿಲ್ಲ. ಕೊಡ, ಬಕೀಟು, ಕುಕ್ಕರು, ಹಿಟ್ಟಿನ ಡಬ್ಬಿಯವರೆಗೆ ಎಲ್ಲವನ್ನೂ ತುಂಬಿದೆವು. ಇನ್ನು ತುಂಬಲು ಏನೂ ಇರಲಿಲ್ಲ, ನೀರು ಗಟಾರಕ್ಕೆ ಹರಿಯುತ್ತಿತ್ತು. ಬಾಣಂತಿಯ ತಾಯಿ ಮೆಟ್ಟಿಲ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದಳು. ಮಾಲೀಕ ಯಾರ ಮುಖವನ್ನೂ ನೋಡಲಿಲ್ಲ.

ಮುದುಕಿ ತನ್ನ ಬಾಗಿಲಿನಿಂದ ಇದನ್ನೆಲ್ಲ ನೋಡಿ ಒಳಗೆ ಹೋದಳು. ಕತ್ತರಿಯ ಸದ್ದು ಕೇಳಿತು. ಇಣುಕಿದರೆ, ಬಿಗಿದ ಹಾಸನ್ನು ಅಡ್ಡಕ್ಕೆ ಕತ್ತರಿಸುತ್ತಿದ್ದಳು. ಹಿಡಿ ಹಿಡಿಯಾಗಿ ಎಳೆಗಳು ಸಡಿಲಗೊಂಡು ಕೆಳಗೆ ಬಿದ್ದವು. 

"ದೊಡ್ಡವ್ವಾ, ಹುಚ್ಚು ಹಿಡೀತೇನ!" ಮಾಲೀಕ ಕೂಗಿದ.

"ಪ್ಲಾಸ್ಟಿಕ್ ತಾಡಪತ್ರಿ ತಂದು ಕುಣಿಯಾಗ ಹಾಸು. ಆಮ್ಯಾಲೆ ಪೈಪು ತಾ."

"ಸೀರಿ?"

"ನೀರಿನ ಮ್ಯಾಲ ಹಾಸು ಹೆಂಗೂ ಉಳಿಯಂಗಿಲ್ಲ. ಸೀರಿ ಕುದಿಸಿ ಬಾಣಂತಿಗೆ ಕುಡಿಸ್ತೀ ಏನು? ಜಲ್ದಿ, ನೀರು ನಿಂತೀತು."

ಅವಳ ದನಿಯಲ್ಲಿ ಕರುಣೆ ಇರಲಿಲ್ಲ, ಸಿಟ್ಟಿತ್ತು. ಯಾರ ಮೇಲೆ ಎಂದು ನನಗೆ ತಿಳಿಯಲಿಲ್ಲ. ಮಾಲೀಕ ಕುಣಿಯೊಳಗಿನ, ಕಾಲಿನಿಂದ ತುಳಿಯುವ ಹಲಗೆಗಳನ್ನು ಎತ್ತಿ ಹೊರಗಿಟ್ಟ. ತಾಡಪತ್ರಿ ಹಾಸಿ ಪೈಪು ತಂದವನು ಕತ್ತರಿಸಿದ ಹಾಸನ್ನೇ ನೋಡುತ್ತ ನಿಂತ, ನೀರು ನೆಲಕ್ಕೆಲ್ಲ ಚೆಲ್ಲಿತು. ಪೈಪು ನಾನು ತೆಗೆದುಕೊಂಡೆ. ಕತ್ತರಿಸಿದ ಎಳೆಗಳು ತೇಲಿಬಂದಾಗ ಅವಳು ಬಗ್ಗಿ ಆರಿಸಿ ತೆಗೆದಳು.

ಅಂದು ಸಂಜೆ ಆ ನೀರಿನಲ್ಲಿ ಕೂಸಿಗೆ ಎರೆದರು. ನಮ್ಮ ಮನೆಯಲ್ಲಿ ಅನ್ನ ಬೆಂದದ್ದೂ ಅದರಲ್ಲೇ.