ದೊಡ್ಡಪ್ಪನ ಐದು ಸುತ್ತು

ಅವ್ವ ಅಂಗಳದಲ್ಲಿ ಜಾರಿ ಬಿದ್ದ ಮೇಲೆ ನಾನು ಆದರ್ಶ ಮಗನಾದೆ. ಪ್ಲಾಸ್ಟಿಕ್ ಕುರ್ಚಿ ತಂದು ಕೂರಿಸಿದೆ. ರೊಟ್ಟಿ ಬಡಿಯಬೇಡ, ಬೇಳೆ ಕೇರಬೇಡ, ನೀರಿನ ತಂಬಿಗೆಯನ್ನೂ ಎತ್ತಬೇಡ ಎಂದೆ. ಉಟಗಿಯ ಅರ್ಧ ಊರು ಬಂದು ನನ್ನ ಸೇವೆಯನ್ನು ಹೊಗಳಿ, ಚಹಾ ಕುಡಿದು ಹೋಯಿತು. ಆರು ತಿಂಗಳಲ್ಲಿ ಅವ್ವ ನನ್ನ ಕೈ ಹಿಡಿಯದೆ ಬಚ್ಚಲಿಗೂ ಹೋಗದಂತಾದಳು. ಸೇವೆ ಅಷ್ಟು ಚೊಕ್ಕಟವಾಗಿತ್ತು.

ಆರೋಗ್ಯ ಕೇಂದ್ರದ ನರ್ಸಬಾಯಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಏಳಲು ಹೇಳಿದರು. ನಾನು ಕೈ ಚಾಚಿದೆ.

"ನೀವು ಹಿಂದ ಸರೀರಿ. ಹಿಂಗಽ ಮಾಡಿದ್ರ ಇವರು ಹಾಸಿಗಿ ಹಿಡೀತಾರ," ಎಂದು ಗದರಿದರು. ದಿನಾ ಮುಂಜಾನೆ ಐದು ಸಲ, ಸಂಜೆ ಐದು ಸಲ, ಯಾರ ಕೈಯನ್ನೂ ಹಿಡಿಯದೆ ಏಳಬೇಕು, ಕೂರಬೇಕು. ಅದೇ ಔಷಧ.

ಮನೆಯಲ್ಲಿ ಅವ್ವ ಅಲುಗಾಡಲಿಲ್ಲ. "ಯಾರು ಬಂದಾರಂತ ಏಳಲಿ?" ಎಂದಳು. ಅದೂ ನಿಜವೇ. ಅವಳು ಎದ್ದು ನಿಲ್ಲಬೇಕಾದ ಹಿರಿಯರು ಊರಲ್ಲಿ ಉಳಿದದ್ದು ಒಬ್ಬರೇ, ಎರಡು ಮನೆ ಆಚೆಯ ದೊಡ್ಡಪ್ಪ. ಗಂಡನ ಅಣ್ಣನೆದುರು ಅವಳು ಮದುವೆಯಾದಂದಿನಿಂದ ಕೂತವಳಲ್ಲ, ನೇರ ಮಾತಾಡಿದವಳೂ ಅಲ್ಲ. ದೊಡ್ಡಪ್ಪನಿಗೂ ದಿನಾ ನಡೆಯಲು ನರ್ಸಬಾಯಿ ಹೇಳಿದ್ದರು. ಅವರೋ ಕಟ್ಟೆ ಬಿಟ್ಟು ಕದಲಿರಲಿಲ್ಲ.

ನಾನು ಹೋಗಿ ಕೈಮುಗಿದೆ. ಮರುದಿನದಿಂದ ದೊಡ್ಡಪ್ಪ ಕೋಲೂರಿ ನಮ್ಮ ಬಾಗಿಲೆದುರು ಎರಡು ಹೊತ್ತೂ ಐದೈದು ಸುತ್ತು ಹಾಕತೊಡಗಿದರು, ಸುತ್ತಿಗೊಮ್ಮೆ ಕೆಮ್ಮುತ್ತ. ಕೆಮ್ಮು ಕೇಳಿದೊಡನೆ ಅವ್ವ ಸೆರಗು ಹೊದ್ದು ಏಳಲು ಹೆಣಗುವಳು. ಮೊದಮೊದಲು ಅವಳು ಅರ್ಧ ಏಳುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. ಮರ್ಯಾದೆ ತಪ್ಪಿತೆಂದು ಅವ್ವ ಒಂದು ದಿನ ಅತ್ತೇಬಿಟ್ಟಳು. ಅದು ತಿಳಿದ ಮೇಲೆ ದೊಡ್ಡಪ್ಪ ಬಾಗಿಲಲ್ಲಿ ತುಸು ನಿಂತು, ಉದ್ದಕ್ಕೆ ಕೆಮ್ಮತೊಡಗಿದರು.

ಎರಡು ತಿಂಗಳ ಮೇಲೆ ಒಂದು ಮುಂಜಾನೆ ಅವರು ಬರಲಿಲ್ಲ. ಅವ್ವ ಕಾದಳು. ಕಾದು ಕಾದು, ಕುರ್ಚಿಯಿಂದ ತಾನಾಗಿ ಎದ್ದು ಓಣಿಗೆ ಇಳಿದಳು. ನಾನು ಓಡಿ ಹೋಗಿ ಕೈ ಹಿಡಿದರೆ ಕೊಡವಿಬಿಟ್ಟಳು. ಎರಡು ಮನೆ ದಾಟಿ ಹೋದರೆ, ದೊಡ್ಡಪ್ಪ ತಮ್ಮ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅವ್ವ ಗೋಡೆಯತ್ತ ಮುಖ ತಿರುಗಿಸಿ ನನಗೆ ಹೇಳಿದಳು:

"ನಿಮ್ಮ ದೊಡ್ಡಪ್ಪಗ ಹೇಳು, ಇವತ್ತ ಆರಾಮ ಕುಂದ್ರಿ ಅಂತ. ನಾನಽ ಬಂದೀನಿ."

ಎರಡು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡವರಿಗೆ ನಾನು ಅದನ್ನೇ ಮತ್ತೆ ಹೇಳಿದೆ. ಅವ್ವ ಒಬ್ಬಳೇ ಮನೆಯತ್ತ ತಿರುಗಿದಳು. ನನಗೆ ಖುಷಿಯಾಗಬೇಕಿತ್ತು. ಸುಳ್ಳೇಕೆ ಹೇಳಲಿ, ನನ್ನ ಕೈ ಬೇಡವಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಅವಳು ಹೊಸ್ತಿಲು ದಾಟಿ ಒಳಗೆ ಹೋದ ಮೇಲೆ ಮಾತ್ರ ಕಣ್ಣು ತುಂಬಿತು.