ಆಟೀನ್ ರಾಣಿಯೂ ಅತ್ತೆಯ ಬಲಗಣ್ಣೂ

ಮೊನ್ನೆ ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಅಮ್ಮನ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಿದ್ದೆ. ಅಂಗಡಿಯವನು ಬಿಳಿ ಹಾಸಿನ ಮೇಲೆ ಸೀರೆಗಳನ್ನು ಬೀಸಣಿಗೆಯ ಹಾಗೆ ಹರಡಿದ. ಎಲ್ಲ ಸೀರೆಗಳದೂ ಅಂಚು ಮಾತ್ರ ಕಾಣುತ್ತಿತ್ತು. ಒಂದು ಗಿಳಿಹಸಿರಿನದು ಮಾತ್ರ ಅಂಚಿನ ಜೊತೆಗೆ ನಾಲ್ಕು ಬೆರಳಷ್ಟು ಒಡಲನ್ನೂ ತೋರಿಸುತ್ತಿತ್ತು. "ಬಲವಂತ ಇಲ್ಲ ಅಮ್ಮ, ನಿಮ್ಮ ಕಣ್ಣಿಗೆ ಯಾವುದು ಹಿಡಿಸುತ್ತೋ ಅದೇ ತಗೊಳ್ಳಿ" ಅಂದ. ಅಮ್ಮನ ಕೈ ನೆಟ್ಟಗೆ ಗಿಳಿಹಸಿರಿಗೆ ಹೋಯಿತು. ನಾನು ಅಂಗಡಿಯವನನ್ನು, ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನನ್ನು ನೋಡುವ ಹಾಗೆ, ಅರ್ಥಗರ್ಭಿತವಾಗಿ ನೋಡಿದೆ. ಅವನು, "ಟೀ ತರಿಸ್ಲಾ ಸಾರ್?" ಎಂದ.

ಬಲವಂತ ಇಲ್ಲ ಎಂದು ಯಾರಾದರೂ ಹೇಳಿದರೆ ಬಲವಂತ ಶುರುವಾಗಿದೆ ಎಂದು ತಿಳಿಯಿರಿ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಕಲಿತು ಹೇಳುತ್ತಿದ್ದೇನೆ. ಡಿಗ್ರಿಯ ಕೊನೆಯ ವರ್ಷ, ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಇಸ್ಪೀಟು ಜಾದೂ ಕಲಿತವನು ನಾನು. ಅದರಲ್ಲೂ ಕೈಚಳಕವಲ್ಲ, ಮನಸ್ಸಿನ ಚಳಕ. ಜಾದೂಗಾರರು ಅದಕ್ಕೆ ಫೋರ್ಸ್ ಎನ್ನುತ್ತಾರೆ. ಎಲೆಗಳನ್ನು ಹರಡಿ ಹಿಡಿದು, "ಯಾವುದಾದರೂ ಒಂದು ತಗೊಳ್ಳಿ" ಎನ್ನಬೇಕು. ಎದುರಿನವನ ಬೆರಳು ಮುಂದೆ ಬರುವ ಕ್ಷಣಕ್ಕೆ ಸರಿಯಾಗಿ ನಮಗೆ ಬೇಕಾದ ಎಲೆ ಆ ಬೆರಳಿನ ಕೆಳಗೆ ಬಂದಿರಬೇಕು, ಉಳಿದವಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಚಾಚಿಕೊಂಡಿರಬೇಕು. ಆಗ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಸಂಕೋಚಕ್ಕೆ ಅವನು ಹತ್ತಿರದ್ದನ್ನೇ ಎಳೆದುಕೊಳ್ಳುತ್ತಾನೆ. ನಾನು ಆರಿಸಿದೆ ಎಂದುಕೊಳ್ಳುತ್ತಾನೆ. ಆರಿಸಿದ್ದು ನಾವು.

ಇದು ನನಗೆ ಹಿಡಿಸಿದ್ದಕ್ಕೆ ಕಾರಣವಿತ್ತು. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ಪ್ರಾಣಿ. ಹೈಸ್ಕೂಲಿನಿಂದ ಹಿಡಿದು ಪರವಾಗಿಯೂ ವಿರೋಧವಾಗಿಯೂ ಮಾತಾಡಿ, ಗೆದ್ದ ಸ್ಟೀಲ್ ಡಬ್ಬಿಗಳಲ್ಲಿ ಅಮ್ಮ ಬೇಳೆ ಕಾಳು ತುಂಬಿಸಿಟ್ಟಿದ್ದಾಳೆ. ಶಕುನ, ಕಣಿ, ದೃಷ್ಟಿ, ರಾಹುಕಾಲ, ಯಾವುದನ್ನೂ ವಾದವಿಲ್ಲದೆ ಬಿಟ್ಟವನಲ್ಲ. ಆ ವರ್ಷ ಯಳಂದೂರಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ. ವಿಷಯ, 'ಮನುಷ್ಯನ ಆಯ್ಕೆ ಸ್ವತಂತ್ರ'. ನಾನು ವಿರೋಧ. ಬಾಯಲ್ಲಿ ವಾದಿಸುವುದೇಕೆ, ವೇದಿಕೆಯ ಮೇಲೇ ತೀರ್ಪುಗಾರರ ಕೈಯಿಂದ ಆಟೀನ್ ರಾಣಿಯನ್ನು ಎಳೆಸಿಬಿಟ್ಟರೆ? ಸ್ವತಂತ್ರ ಆಯ್ಕೆ ಅಲ್ಲೇ ಸಮಾಧಿ.

ಅಭ್ಯಾಸಕ್ಕೆ ಬಂಡಳ್ಳಿಗೆ ಹೋದೆ. ಅಲ್ಲಿ ನನ್ನ ಸೋದರತ್ತೆ ಚಿಕ್ಕತಾಯಮ್ಮ ಇದ್ದಾರೆ, ಅವರ ಮಗ ಮಾದೇಶ ಇದ್ದಾನೆ. ಮಾದೇಶ ಹನೂರಿನ ಕಡೆ ಗೂಡ್ಸ್ ಆಟೋ ಓಡಿಸುತ್ತಾನೆ. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ನಗುವ ಸೌಜನ್ಯ ಇರುವ ಏಕೈಕ ಬಂಧು.

ಆದರೆ ವಿಡಿಯೋ ಮಾಡಿದ ಮಹಾಶಯರು ನಮ್ಮ ಕಡೆಯವರನ್ನು ನೋಡಿರಲಿಲ್ಲ. ಜಗಲಿಯ ಮೇಲೆ ಎಲೆ ಹರಡಿದೊಡನೆ ಪಕ್ಕದ ಮನೆಯವರು ಬಂದು ಎದುರಿಗೆ ಕುಳಿತು, "ಎಷ್ಟ್ ಜನ ಆಡದು? ನಾನೂ ಅವ್ನಿ ಕಣ್ಲಾ" ಎಂದರು. ಇದು ಆಟವಲ್ಲ, ಒಂದು ಎಲೆ ತೆಗೆಯಿರಿ ಅಂದೆ. ಮೂರು ತೆಗೆದರು. ಇನ್ನೊಬ್ಬರು ಒಂದನ್ನೇ ತೆಗೆದು, ನೋಡಿ, ಮೆಚ್ಚಿ, ಜೇಬಿಗೆ ಹಾಕಿಕೊಂಡು ಹೊಲಕ್ಕೆ ಹೊರಟುಹೋದರು. "ಮನಸ್ಸಿನಲ್ಲೇ ಒಂದು ಎಲೆ ನೆನೆಸಿಕೊಳ್ಳಿ" ಎಂದು ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಯಜಮಾನರನ್ನು ಕೇಳಿದಾಗ ಅವರು ಕಣ್ಣು ಮುಚ್ಚಿ, ಕೈ ಮುಗಿದು, ಬಹಳ ಹೊತ್ತಾದ ಮೇಲೆ ಕಣ್ಣು ಬಿಟ್ಟು, "ಮನೆದ್ಯಾವ್ರ ನೆನಸ್ಕಂಡೆ ಕಣಪ್ಪ, ಎಲೆಗಿಲೆ ಯಾಕೆ" ಎಂದರು. ಇದನ್ನು ಯಾವ ಎಲೆಯೆಂದು ನಾನು ಕಂಡುಹಿಡಿಯಲಿ?

ಎಲ್ಲಕ್ಕಿಂತ ದೊಡ್ಡ ತೊಡಕು ಮರ್ಯಾದೆ. ನಮ್ಮ ಜನಕ್ಕೆ ಏನನ್ನಾದರೂ ಮುಂದೆ ಹಿಡಿದು ತಗೊಳ್ಳಿ ಎಂದರೆ ಮೊದಲು ಬೇಡ ಎನ್ನಬೇಕು. ಆಮೇಲೂ ಬೇಡ ಎನ್ನಬೇಕು. ಕೊನೆಗೆ, "ನೀನೇ ಯಾವ್ದಾರ ಒಂದ ಕೊಡಪ್ಪ" ಎನ್ನಬೇಕು. ಪ್ರಪಂಚದ ಜಾದೂಗಾರರೆಲ್ಲ ತಾವೇ ಎಲೆ ಆರಿಸಿಕೊಟ್ಟದ್ದು ಗೊತ್ತಾಗದಿರಲೆಂದು ಜೀವ ತೇಯುತ್ತಿದ್ದರೆ ಇಲ್ಲಿ ನೀನೇ ಆರಿಸಿ ಕೊಡು ಎನ್ನುತ್ತಿದ್ದಾರೆ! ನಾನೇ ಕೊಟ್ಟು, ನಾನೇ ಆಟೀನ್ ರಾಣಿ ಎಂದು ಹೇಳಿದರೆ, "ಊ, ನೀನೇ ಕೊಟ್ಯಲ್ಲ" ಎಂದು ಸಮಾಧಾನವಾಗಿ ಒಪ್ಪುತ್ತಿದ್ದರು.

ಯಳಂದೂರಿನಲ್ಲಿ ಆಗಿದ್ದೂ ಇದೇ. ಮಾತಿನ ಮಧ್ಯೆ ನಾಟಕೀಯವಾಗಿ ಎಲೆಗಳನ್ನು ಬೀಸಣಿಗೆ ಮಾಡಿ ತೀರ್ಪುಗಾರರ ಮುಂದೆ ಹಿಡಿದೆ. ನಿವೃತ್ತ ಹೆಡ್‌ಮಾಸ್ಟರು, ಸಂಭಾವಿತರು. "ಮೊದಲು ಅಧ್ಯಕ್ಷರು ತಗೊಳ್ಳಲಿ" ಎಂದು ಎಲೆಗಳನ್ನು ನನ್ನ ಕೈಯಿಂದ ಪೂರ್ತಿ ಇಸಿದುಕೊಂಡು ಪಕ್ಕಕ್ಕೆ ದಾಟಿಸಿದರು. ಅಧ್ಯಕ್ಷರು ಮುಖ್ಯ ಅತಿಥಿಗಳಿಗೆ, ಅತಿಥಿಗಳು ಪ್ರಿನ್ಸಿಪಾಲರಿಗೆ, ಪ್ರಿನ್ಸಿಪಾಲರು ವಂದನಾರ್ಪಣೆ ಮಾಡಬೇಕಿದ್ದ ಮೇಡಂಗೆ. ವೇದಿಕೆಯ ಆ ತುದಿಯವರೆಗೆ ಹೋದ ಎಲೆಗಳು ಒಂದೂ ಕಮ್ಮಿಯಾಗದೆ ನನ್ನ ಕೈಗೆ ವಾಪಸ್ಸು ಬಂದವು. ಅಷ್ಟರಲ್ಲಿ ನನ್ನ ಸಮಯ ಮುಗಿದಿತ್ತು. ಮನುಷ್ಯನ ಆಯ್ಕೆ ಸ್ವತಂತ್ರವೋ ಅಲ್ಲವೋ, ಮನುಷ್ಯ ಆರಿಸಿಕೊಳ್ಳುವುದೇ ಇಲ್ಲ ಎಂಬ ಮೂರನೆಯ ಪಕ್ಷವೊಂದಿದೆ ಎಂದು ನನಗೆ ಅಂದೇ ಹೊಳೆದದ್ದು. ಬಹುಮಾನ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಿಮ್ಮನ್ನು ಕೂರಿಸಿಕೊಂಡು ಹೇಳುತ್ತಿರಲಿಲ್ಲ. ವಿಷಯ ಅತ್ತೆಯ ಕಣ್ಣಿಗೆ ಬಂತು.

ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ತೀರಾ ಬಲಿತಿತ್ತು. ಹಸುವೆಂದುಕೊಂಡು ಮಾದೇಶನ ಆಟೋ ಮುಂದೆ ಹುಲ್ಲು ಹಾಕಿ, ಮುಟ್ಟಿ ನೋಡಿ, "ಯಾಕವ್ವ ಮೈ ಇಂಗೆ ತಣ್ಣಗದೆ" ಎಂದು ಮಾತಾಡಿಸಿದ್ದರು. ಅಲ್ಲಿಯವರೆಗೆ ನಾವು ನಗುತ್ತಿದ್ದೆವು. ಆಮೇಲೊಂದು ಬೆಳಿಗ್ಗೆ ಬಚ್ಚಲೊಲೆಯ ಬೆಂಕಿ ಸೆರಗಿಗೆ ಹತ್ತಿದ್ದು ಅವರಿಗೆ ಕಾಣಲೇ ಇಲ್ಲ. ಮಾದೇಶ ಅಂಗಳದಲ್ಲೇ ಇದ್ದದ್ದಕ್ಕೆ ಬಕೆಟ್ ನೀರು ಸುರಿದು ಉಳಿಸಿಕೊಂಡ. ಕೊಳ್ಳೇಗಾಲದ ಕಣ್ಣಿನ ಡಾಕ್ಟರು, ಇನ್ನು ತಡ ಮಾಡಿದರೆ ಆ ಕಣ್ಣು ಉಳಿಯುವುದು ಕಷ್ಟ ಎಂದರು.

ಅತ್ತೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. "ಕಣ್ಗೆ ಕತ್ತಿ ಆಕುಸ್ಕಂಡು, ಇರೋ ಮಬ್ಬುನೂ ಕಳ್ಕಳ್ಲಾ? ಮಾರಮ್ಮನ್ನ ಕೇಳ್ತೀನಿ. ಅವ್ಳು ಊ ಅಂದ್ರೆ ಊ."

ನಾನು ವಾದಕ್ಕೆ ನಿಂತೆ. ಪೊರೆ ಎಂದರೇನು, ಅದನ್ನು ತೆಗೆಯುವುದು ಹೇಗೆ, ದೇವರಿಗೂ ಕಣ್ಣಿನ ವೈದ್ಯಕ್ಕೂ ಯಾಕೆ ಸಂಬಂಧವಿಲ್ಲ ಎಂದು ಒಂದೊಂದೇ ಅಂಶ ಬಿಡಿಸಿಟ್ಟೆ. ಅತ್ತೆ ಗೋಡೆಗೆ ಒರಗಿ ತಲೆದೂಗುತ್ತ ಕೇಳಿದರು. ಮುಗಿದ ಮೇಲೆ, "ನಿನ್ ಮಾತು ರೇಡಿಯೋ ಕೇಳ್ದಂಗದೆ ಕಣ್ ಮಗ. ಇನ್ನೊಂದೀಟು ಆಡು, ನಿದ್ದೆ ಬತ್ತದೆ" ಎಂದರು.

ಹೂ ಕೇಳುವ ಕ್ರಮ ನಿಮಗೂ ಗೊತ್ತಿರಬಹುದು. ಎರಡು ಕಾಗದದ ಪೊಟ್ಟಣ. ಒಂದರಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು. ಬಿಳಿ ಬಂದರೆ ದೇವಿ ಒಪ್ಪಿದಳು, ಕೆಂಪು ಬಂದರೆ ಬೇಡವೆಂದಳು. ಆ ಗುಡಿಯಲ್ಲಿ ಕೇಳುವವರ ಮನೆಯವರೇ ಎಲ್ಲರ ಎದುರಿಗೆ ಪೊಟ್ಟಣ ಕಟ್ಟಬೇಕು, ಪೂಜಾರಿ ಅವನ್ನು ಕಲಸಿ ತಟ್ಟೆಯಲ್ಲಿಡಬೇಕು, ಕೇಳುವವರು ತಮ್ಮ ಕೈಯಿಂದಲೇ ಎತ್ತಬೇಕು. ಮೋಸಕ್ಕೆ ಜಾಗವೇ ಇಲ್ಲ. ಮನಶ್ಶಾಸ್ತ್ರಕ್ಕೆ ಇದೆ! ಐವತ್ತೆರಡು ಎಲೆಗಳಲ್ಲಿ ಒಂದನ್ನು ಎಳೆಸಲು ಹೊರಟವನಿಗೆ ಎರಡು ಪೊಟ್ಟಣಗಳಲ್ಲಿ ಒಂದನ್ನು ಎತ್ತಿಸುವುದು ಯಾವ ಲೆಕ್ಕ? ನಂಬಿಕೆಯಿಲ್ಲದ ನಾನು ದೇವಿಯ ತೀರ್ಮಾನದಲ್ಲಿ ಕೈಯಾಡಿಸಬಹುದೇ ಎಂದು ಕೇಳುತ್ತೀರಿ. ನಂಬಿಕೆಯಿಲ್ಲದ್ದರಿಂದಲೇ ಆಡಿಸಬಹುದು ಎಂಬುದು ನನ್ನ ವಾದವಾಗಿತ್ತು. ಮಾದೇಶನಿಗೆ ಹೇಳಿದಾಗ ಅವನು, "ಕಣ್ಣು ಉಳಿಯಂಗಿದ್ರೆ ಏನಾರ ಮಾಡ್ಲಾ. ನಂಗೇನೂ ಏಳ್ಬ್ಯಾಡ" ಎಂದ. ಅವತ್ತು ಅವನು ನಗಲಿಲ್ಲ.

ಶುಕ್ರವಾರ ಗುಡಿಗೆ ಹೋದೆವು. ನಾನೇ ಕಣಗಿಲೆ ಹೂಗಳನ್ನು ಪೊಟ್ಟಣ ಕಟ್ಟಿದೆ. ಬಿಳಿಯದರ ಮೂಲೆಯನ್ನು ಗೊತ್ತಾಗದಷ್ಟು ಚೂಪು ಮಾಡಿದೆ. ಪೂಜಾರಿಯನ್ನು ನಮ್ಮ ಕಡೆ ತಮ್ಮಡಿ ಎನ್ನುತ್ತೇವೆ. ತಮ್ಮಡಪ್ಪ ಅವನ್ನು ಅಂಗೈಯಲ್ಲಿ ಕುಲುಕಿ ಹಿತ್ತಾಳೆ ತಟ್ಟೆಗೆ ಹಾಕಿದರು. "ತಟ್ಟೆ ನಾನು ಹಿಡೀತೀನಿ" ಎಂದೆ. ನನಗೆ ಭಕ್ತಿ ಬಂತೆಂದು ಅತ್ತೆಯ ಮುಖ ಅರಳಿತು. ಚೂಪು ಮೂಲೆಯ ಪೊಟ್ಟಣವನ್ನು ತಟ್ಟೆಯ ಅಂಚಿಗೆ, ಸರಿಯಾಗಿ ಅತ್ತೆಯ ಬಲಗೈಯ ನೇರಕ್ಕೆ ಜಾರಿಸಿದೆ. ಇನ್ನೊಂದನ್ನು ಹಿಂದಕ್ಕೆ ಸರಿಸಿದೆ. ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಎಲ್ಲವೂ ವಿಡಿಯೋದಲ್ಲಿ ಇದ್ದ ಹಾಗೆಯೇ ಇತ್ತು.

ಅತ್ತೆಯ ಕೈ ಗಾಳಿಯಲ್ಲಿ ಬಂತು. ತಟ್ಟೆಯನ್ನು ದಾಟಿ ಹೋಯಿತು. ಒಡೆದಿಟ್ಟಿದ್ದ ತೆಂಗಿನಕಾಯಿಯನ್ನು ತಡವಿತು. ಅಲ್ಲಿಂದ ಇನ್ನೂ ಎಡಕ್ಕೆ ಹೋಗಿ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಿತು.

"ಅದು ನನ್ ಮಂಡಿ ಕಣವ್ವ" ಎಂದರು ತಮ್ಮಡಪ್ಪ.

ಆಗ ನನಗೆ ಅರ್ಥವಾಯಿತು. ಚಾಚಿಕೊಂಡ ಪೊಟ್ಟಣ ಕಣ್ಣಿಗೆ ಬೀಳಬೇಕಾದರೆ ಮೊದಲು ಕಣ್ಣು ಕಾಣಬೇಕು. ಇಷ್ಟು ಸಣ್ಣ ವಿಷಯ, ಪೊರೆಯ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದ ನನಗೆ ಹೊಳೆದಿರಲಿಲ್ಲ. ಗಾಬರಿಯಲ್ಲಿ ತಟ್ಟೆಯನ್ನೇ ಕೈಯ ಹಿಂದೆ ಅಟ್ಟಿಸಿಕೊಂಡು ಹೋದೆ. ಕೈ ಎಡಕ್ಕೆ ಬಂದರೆ ತಟ್ಟೆ ಎಡಕ್ಕೆ, ಕೈ ಬಲಕ್ಕೆ ಬಂದರೆ ತಟ್ಟೆ ಬಲಕ್ಕೆ. ದೇವಿಗೆ ನಾವಿಬ್ಬರೂ ಸೇರಿ ಆರತಿ ಎತ್ತುತ್ತಿರುವಂತೆ ಕಾಣುತ್ತಿದ್ದಿರಬೇಕು. ಕೊನೆಗೆ ಕೈ ದೊಪ್ಪೆಂದು ತಟ್ಟೆಯ ನಡುವೆ ಬಿತ್ತು. ಹಿಂದಿದ್ದ ಪೊಟ್ಟಣವನ್ನು ಹಿಡಿದು ಎತ್ತಿತು.

ಬಿಚ್ಚಿದರು. ಕೆಂಪು.

ತಮ್ಮಡಪ್ಪ ನೋಡಿದರು. ಮಾದೇಶ ನೋಡಿ ಗೋಡೆಯ ಕಡೆ ತಿರುಗಿಕೊಂಡ. ಆ ಕಣ್ಣು ಹೋಯಿತು ಎಂದುಕೊಂಡೆ. ಅತ್ತೆ ಹೂವನ್ನು ಬಲಗಣ್ಣಿನ ಹತ್ತಿರ ಹಿಡಿದರು, ಎಡಗಣ್ಣಿನ ಹತ್ತಿರ ಹಿಡಿದರು, ದೀಪದ ಬೆಳಕಿಗೆ ತಿರುಗಿಸಿದರು.

"ಬೆಳ್ಳಗದೆ" ಎಂದರು. "ಬಿಳಿ ಊವ ಕೊಟ್ಲು ನೋಡ್ಲಾ ನಮ್ಮವ್ವ!"

ಓದುಗ ಮಹಾಶಯರೇ, ನನ್ನ ಸಂಕಟ ನಿಮಗೆ ತಿಳಿಯಬೇಕು. ಎದುರು ಪಕ್ಷದವರು ಆಡಿದ ಸುಳ್ಳನ್ನು ಖಂಡಿಸದೆ ಬಿಟ್ಟರೆ ಒಪ್ಪಿಕೊಂಡಂತೆ, ಇದು ನನಗೆ ಕಲಿಸಿದ ಮೊದಲ ಪಾಠ. ಬಾಯಿ ತಾನಾಗಿ ತೆರೆದುಕೊಂಡಿತು. "ಅತ್ತೆ, ಅದು..."

"ಅದು?" ಎಂದು ಅತ್ತೆ ನನ್ನ ಕಡೆ ತಿರುಗಿದರು.

ತಮ್ಮಡಪ್ಪ ಎದ್ದು ಗಂಟೆ ಬಾರಿಸತೊಡಗಿದರು. ಎಷ್ಟು ಹೊತ್ತು ಬಾರಿಸಿದರೆಂದರೆ, ನನ್ನ ವಾಕ್ಯ ಬಾಯಲ್ಲೇ ಹಳೆಯದಾಯಿತು.

ಅತ್ತೆ ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡರು. ನರೆತ ಕೂದಲಲ್ಲಿ ಆ ಕೆಂಪು ಕಣಗಿಲೆ ಅರ್ಧ ಮೈಲಿ ದೂರದಿಂದ ಕಾಣುತ್ತಿತ್ತು. ಬೀದಿಯುದ್ದಕ್ಕೂ ಹೆಂಗಸರು ಕೇಳಿದರು, "ಏನಂದ್ಲವ್ವ ತಾಯಿ?" ಅತ್ತೆ ಪ್ರತಿ ಬಾಗಿಲಲ್ಲೂ ನಿಂತು ಹೇಳಿದರು, "ಊ ಅಂದ್ಲು ಕಣವ್ವ. ಬಿಳಿ ಊವ." ಅವರು ಹೂವನ್ನು ನೋಡಿದರು, ನನ್ನನ್ನು ನೋಡಿದರು, ಮಾದೇಶನನ್ನು ನೋಡಿದರು. "ಒಳ್ಳೇದಾಯ್ತು ಬುಡವ್ವ. ಓಗ್ ಮಾಡುಸ್ಕಂಡ್ ಬಾ" ಎಂದರು. ಇಡೀ ಬೀದಿಯಲ್ಲಿ ಒಬ್ಬರಾದರೂ ಕೆಂಪು ಎನ್ನಲಿಲ್ಲ. ಒಬ್ಬಾಕೆಯಂತೂ ಒಂದು ಹೆಜ್ಜೆ ಮುಂದೆ ಹೋಗಿ, "ಎಷ್ಟ್ ಬೆಳ್ಳಗದೆ!" ಎಂದಳು.

ಆಪರೇಷನ್ ಸಲೀಸಾಗಿ ಆಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ಮೊದಲು ಮಾದೇಶನ ಗಡ್ಡ ನೋಡಿ ಬೈದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ಲಾ ಇಂಗೆ ಒಣಗೋಗಿದ್ದೀಯೆ? ಮಾತ ಕೇಳಿ ದಪ್ಪಗವ್ನೆ ಅನ್ಕಂಡಿದ್ದೆ" ಎಂದರು. ಹೂವಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರಿಗೆ ನಿಜವಾಗಿ ಬೆಳ್ಳಗೆ ಕಂಡಿತ್ತೇ? ಪೊರೆ ಬಂದ ಕಣ್ಣಿಗೆ ಎಲ್ಲವೂ ಮಂಜು ಮಂಜಾಗಿ ಕಾಣುವುದುಂಟು. ಅಥವಾ... ನಾನು ಎರಡೂ ಪಕ್ಷಕ್ಕೆ ಸಮರ್ಥವಾಗಿ ವಾದಿಸಬಲ್ಲೆ. ಅದೇ ನನ್ನ ತೊಂದರೆ.

ಸೀರೆ ಅಂಗಡಿಯಿಂದ ಬಂದ ಸಂಜೆ ಅತ್ತೆಯ ಫೋನು ಬಂತು.

"ಲೇ ಮಗ, ಎಡಗಣ್ಗೂ ಮಾಡ್ಬುಡಾನ ಅಂದವ್ರೆ ಡಾಕ್ಟ್ರು. ಸುಕ್ರವಾರ ಬಾ. ಅವ್ವನ್ನ ಕೇಳ್ಬೇಕು."

"ಬರ್ತೀನಿ ಅತ್ತೆ."

"ಈ ಸಲ ಗುಡಿ ಬ್ಯಾಡ. ಮನೇಲೇ ಪೋಟೋ ಮುಂದೆ ಮಡಗಾನ. ಪೊಟ್ನ ನೀನೇ ಕಟ್ಟು. ಎರಡ್ರಲ್ಲೂ ಬಿಳೀದೇ ಆಕ್ಬುಡು."

"ಎರಡರಲ್ಲೂ?"

"ಊ ಕಣ್ಲಾ. ಈಗ ಒಂದ್ ಕಣ್ಣು ಚೆಂದಾಗಿ ಕಾಣ್ತದಲ್ಲ, ಕೆಂಪು ಬಂದ್ರೆ ಕೆಂಪು ಅಂತ್ಲೇ ಕಾಣ್ತದೆ."

ನಾನು ಎದ್ದು ನಿಂತೆ. ಅತ್ತೆ, ಎರಡರಲ್ಲೂ ಬಿಳಿಯೇ ಇದ್ದರೆ ಅದು ಕೇಳಿದ ಹಾಗಾಗುವುದಿಲ್ಲ. ಕೇಳುವುದೆಂದ ಮೇಲೆ ಬೇಡ ಎನ್ನಲು ದೇವಿಗೂ ಅವಕಾಶ ಇರಬೇಕು. ತಲತಲಾಂತರದಿಂದ ಬಂದ ಒಂದು ಕ್ರಮವನ್ನು ಹೀಗೆ ಕೆಡಿಸುವುದು ಸರಿಯಲ್ಲ... ಎಂದು ನಡುಮನೆಯಲ್ಲಿ ಓಡಾಡುತ್ತ ಮಂಡಿಸುತ್ತಿದ್ದೆ. ಹೊಸ ಸೀರೆಯನ್ನು ಮಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಮಾರಮ್ಮನ ಪರವಾಗಿ ಇಷ್ಟು ಚೆನ್ನಾಗಿ ವಾದಿಸಿದವರು ನಮ್ಮ ವಂಶದಲ್ಲಿ ಹಿಂದೆ ಯಾರೂ ಇರಲಾರರು.

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಮುಗೀತಾ?"

"ಮುಗೀತು."

"ಅವ್ಳು ನಮ್ಗೆ ಒಳ್ಳೇದೇ ಏಳ್ಬೇಕು ಅಂತ್ಲೇ ಕುಂತವ್ಳೆ ಕಣ್ಲಾ. ನಾವೂ ಒಂದೀಟು ಅನುಕೂಲ ಮಾಡ್ಕೊಡ್ಬೇಕು."

ನಾಳೆ ಶುಕ್ರವಾರ. ನಮ್ಮ ಬೀದಿಯ ಕೊನೆಯ ಮನೆಯವರ ಕಾಂಪೌಂಡಿನಲ್ಲಿ ಬಿಳಿ ಕಣಗಿಲೆ ಗಿಡವಿದೆ. ಕೇಳಿಕೊಂಡು ಎರಡು ಹೂ ಕಿತ್ತು ತಂದು ಲೋಟದ ನೀರಿನಲ್ಲಿ ಇಟ್ಟಿದ್ದೇನೆ. ಅಲ್ಲ, ಮೂರು. ಹನೂರಿನ ಬಸ್ಸಿನ ಸೆಕೆಯಲ್ಲಿ ಒಂದು ಬಾಡಿಹೋದರೆ ಎಂದು.