ಅಳ್ನಾವರದ ಪಾಸು

ಬಸ್ತ್ಯಾಂವಣ್ಣ ಎಲ್ಲಿ ನಿಂತರೂ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಹಾಗಂತ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಸಮುದ್ರವೇನೂ ಕಾಣುವುದಿಲ್ಲ. ಪಶ್ಚಿಮಕ್ಕೆ ಇರುವುದು ಜೋಯಿಡಾದ ಕಾಡು, ಘಾಟು, ಒಂದರ ಹಿಂದೊಂದು ಸುರಂಗ. ಅದೆಲ್ಲ ಇಳಿದು ಮುಗಿದ ಮೇಲೆ ಗೋವಾ, ಗೋವಾದ ತುದಿಗೆ ವಾಸ್ಕೊ, ವಾಸ್ಕೊದ ಬಗಲಿಗೆ ಸಮುದ್ರ. ಪ್ಲಾಟ್‌ಫಾರ್ಮಿನ ಮೇಲೆ ಚಹಾದ ಕಪ್ಪು ಹಿಡಿದಾಗಲೂ ಅವರು ಮೊದಲು ದಿಕ್ಕು ನೋಡಿ, ಪೂರ್ವಕ್ಕೆ ತಿರುಗಿ, ಆಮೇಲೆ ಕುಡಿಯುವರು. ಮೊದಮೊದಲು ಬಿಸಿಲಿಗೆ ಹೀಗೆ ಮಾಡುತ್ತಾರೆಂದುಕೊಂಡಿದ್ದೆ. ಮಳೆಗಾಲದಲ್ಲೂ ಹಾಗೇ ನಿಂತದ್ದನ್ನು ಕಂಡ ಮೇಲೆ ಕೇಳಬೇಕೆನಿಸಿತು.

ನಾನು ಮುಂಡಗೋಡ ತಾಲೂಕಿನ ಇಂದೂರಿನವನು. ಗದ್ದೆ, ಎತ್ತು, ಮಠ ಬಿಟ್ಟರೆ ಬೇರೆ ಲೋಕ ಕಾಣದ ಮನೆತನ. ರೈಲ್ವೆಯ ಹಳಿ ದುರಸ್ತಿ ವಿಭಾಗದ ಗುಮಾಸ್ತನಾಗಿ ಕ್ಯಾಸಲ್‌ರಾಕಿಗೆ ಬಂದ ಮೊದಲ ವಾರವೇ ಬೂಟಿನೊಳಗೆ ಜಿಗಣೆ ಸೇರಿ, ಆಫೀಸೆಲ್ಲ ಕೇಳುವಂತೆ ಕಿರುಚಿದ್ದೆ. ಬಸ್ತ್ಯಾಂವಣ್ಣ ಚಂಚಿಯಿಂದ ಸುಣ್ಣ ತೆಗೆದು ಹಚ್ಚಿ ಅದನ್ನು ಬಿಡಿಸಿದರು.

"ಅದೇನು ನಿಮ್ಮ ಹೊಲಾ ಕೇಳಾಕ ಬಂದಿಲ್ರಿ ಸಾಹೇಬ್ರ. ಹೊಟ್ಟಿ ತುಂಬಿದ್ರ ತಾನ ಬಿಡ್ತೈತಿ," ಎಂದರು. ನಮ್ಮ ಸ್ನೇಹ ಅಲ್ಲಿಂದ ಶುರುವಾಯಿತು.

ಅವರು ಹಳಿಯಾಳ ತಾಲೂಕಿನ ಸಾಂಬ್ರಾಣಿಯ ಸಿದ್ದಿ ಮನೆತನದವರು. ನಮ್ಮಲ್ಲಿ ಕೀಮನ್. ಕೀಮನ್ ಎಂದರೆ ದಿನಾ ಬೆಳಿಗ್ಗೆ ತನ್ನ ಪಾಲಿನ ಹಳಿಯ ಉದ್ದಕ್ಕೂ ನಡೆದು, ಹಳಿಯನ್ನು ಹಿಡಿದ ಒಂದೊಂದು ಕ್ಲಿಪ್ಪನ್ನೂ ನೋಡಿ, ಸಡಿಲಾದದ್ದನ್ನು ಸುತ್ತಿಗೆಯಿಂದ ಬಡಿದು ಕೂರಿಸುವವನು. ಅವರ ಪಾಲಿಗೆ ಬಂದದ್ದು ಘಾಟಿನ ಇಳಿಜಾರು. ಸುತ್ತಿಗೆಯ ಏಟಿಗೆ ಬರುವ ಸಪ್ಪಳ ಕೇಳಿಯೇ ಹಳಿಯ ಆರೋಗ್ಯ ಹೇಳುತ್ತಿದ್ದರು. ತಮ್ಮ ಗಡಿಯ ಕಲ್ಲು ಬಂದ ಕೂಡಲೇ ಅದಕ್ಕೆ ಸುತ್ತಿಗೆ ಮುಟ್ಟಿಸಿ ತಿರುಗಿಬಿಡುವರು. "ಅಲ್ಲಿಂದ ಮುಂದ ನಂದಲ್ರಿ" ಎನ್ನುವ ಮಾತು ಅವರಿಂದ ನೂರು ಸಲ ಕೇಳಿದ್ದೇನೆ.

ರೈಲ್ವೆ ನೌಕರರಿಗೆ ವರ್ಷ ವರ್ಷ ಪ್ರವಾಸದ ಪಾಸು ಸಿಗುತ್ತದೆ. ದೇಶದ ಈ ತುದಿಯಿಂದ ಆ ತುದಿಗೆ ಪುಕ್ಕಟೆ ಹೋಗಬಹುದು. ನಮ್ಮ ಗ್ಯಾಂಗಿನವರು ಕಾಶಿ, ತಿರುಪತಿ, ವೇಲಾಂಕಣಿ ಎಂದು ಬರೆಸುವರು. ಬಸ್ತ್ಯಾಂವಣ್ಣ ಮಾತ್ರ ಪ್ರತಿ ವರ್ಷ ನನ್ನ ಮೇಜಿನ ಮುಂದೆ ಟೋಪಿ ತೆಗೆದು ನಿಂತು, "ಅಳ್ನಾವರ ಬರೀರಿ" ಎನ್ನುವರು. ಅಳ್ನಾವರ ಅವರ ಊರಿಗೆ ಹತ್ತಿರದ ಸ್ಟೇಶನ್ನು, ಕೂತು ಬೆವರು ಆರುವಷ್ಟರಲ್ಲಿ ಬರುತ್ತದೆ.

"ಅಣ್ಣಾ, ವಾಸ್ಕೊದಿಂದ ಹೌರಾಕ್ಕೆ ಹೋಗೋ ಗಾಡಿ ನಿಮ್ಮ ಮುಂದನ ಹೋಗ್ತೈತಿ. ಈ ಸಮುದ್ರದಿಂದ ಆ ಸಮುದ್ರದ ತನಕ ಬರದುಕೊಡ್ತೇನಿ, ಒಮ್ಮೆ ಹೋಗಿ ಬರ್ರಿ," ಎಂದು ನಾನು ಕಾಡಿಸುತ್ತಿದ್ದೆ.

ಒಂದು ದಿನ ಅವರು ಕುರ್ಚಿ ಎಳೆದು ಕೂತು ಹೇಳಿದರು. "ನಮ್ಮ ಆಜಿ ನನಗ ಬುದ್ಧಿ ಬಂದಾಗಿಂದ ಹೇಳಾಕಿ. ಹಡಗಿನ್ಯಾಗ ತುಂಬಿ ತಂದು ಗೋವಾದಾಗ ಮಾರಿದ್ರಂತ ನಮ್ಮ ಹಿರ್‍ಯಾರನ್ನ. ಅವ್ರು ತಪ್ಪಿಸ್ಕೊಂಡು ಈ ಅಡವಿಗೆ ಬಂದ್ರಂತ. ಅದಕ್ಕ ಆಜಿ ಅನ್ನಾಕಿ, ಸಮುದ್ರದ ಮುಂದ ಹೋಗಿ ನಿಂದ್ರಬ್ಯಾಡ ಮಗನ, ಅದು ಗುರ್ತ ಹಿಡೀತೈತಿ. ಹಿಡದು ವಾಪಸ್ ಒಯ್ತೈತಿ."

ಅವರ ಓಣಿಯ ಎಷ್ಟೋ ಹುಡುಗರು ಗೋವಾದಲ್ಲೇ ದುಡಿಯುತ್ತಿದ್ದರು. ಇದು ಊರ ಕಟ್ಟಳೆಯಲ್ಲ, ಆ ಅಜ್ಜಿಯ ಮಡಿಲಲ್ಲಿ ಬೆಳೆದ ಒಬ್ಬ ಮೊಮ್ಮಗನ ಅಂಜಿಕೆ. ನನಗೆ ನಗು ಬಂತು, ನಕ್ಕುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಟೋಪಿ ಹಾಕಿಕೊಂಡು ಹೋದರು.

ಮಗಳು ಜುಲಿಯಾನಾ ವಾಸ್ಕೊದ ಒಂದು ಆಸ್ಪತ್ರೆಯಲ್ಲಿ ನರ್ಸಾದಳು. ಅಪ್ಪ ಬೇಡ ಅನ್ನಲಿಲ್ಲ. ಅಲ್ಲಿಯ ಹುಡುಗನನ್ನೇ ಮೆಚ್ಚಿದಳು, ಅದಕ್ಕೂ ಬೇಡ ಅನ್ನಲಿಲ್ಲ. ಮದುವೆ ವಾಸ್ಕೊದ ಇಗರ್ಜಿಯಲ್ಲಿ ಎಂದು ನಿಶ್ಚಯವಾಯಿತು. ಸಾಂಬ್ರಾಣಿಯ ಮನೆಯಲ್ಲಿ ಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವನ್ನು ಬಸ್ತ್ಯಾಂವಣ್ಣ ತಾವೇ ಮುಂದೆ ನಿಂತು ಮಾಡಿದರು. ಅದೇ ಸಂಜೆಯ ಗಾಡಿ ಹಿಡಿದು ಕ್ಯಾಸಲ್‌ರಾಕಿಗೆ ವಾಪಸು ಬಂದು, ನಾಳೆ ಡ್ಯೂಟಿ ಹಾಕಿರಿ ಎಂದು ನನ್ನ ಮುಂದೆ ನಿಂತರು.

ನನಗೆ ಸಿಟ್ಟು ನೆತ್ತಿಗೇರಿತು. ಸದಾ 'ನೀವು' ಎನ್ನುತ್ತಿದ್ದ ನನ್ನ ಬಾಯಲ್ಲಿ 'ನೀ' ಬಂತು. "ನೀ ಎಂಥಾ ಅಪ್ಪ ಅದೀಯೋ? ಸತ್ತ ಮುದುಕಿ ಮಾತಿಗೆ ಜೀವಂತ ಮಗಳ್ನ ಅಳಸ್ತೀಯಲ್ಲ!"

ಅವರು ತಲೆ ಎತ್ತಲಿಲ್ಲ. "ಆಕಿ ಒಬ್ಬಾಕಿ ಇದ್ರ ಸಮುದ್ರಕ್ಕೇನೂ ತಿಳ್ಯಂಗಿಲ್ರಿ. ನರ್ಸಬಾಯಿ ಅಂತ ಬಿಡ್ತೈತಿ. ನಾ ಹೋಗಿ ಆಕಿ ಮಗ್ಗಲ ನಿಂತ್ರ, ಓಹೋ ಈಕಿನೂ ಅವ್ರ ಪೈಕಿ ಅಂತ ಗೊತ್ತಾಗ್ತೈತಿ. ನಂದೇನು, ವಯಸ್ಸಾತು. ಆಕಿ ಅಲ್ಲೇ ಬಾಳೇವು ಮಾಡಾಕಿ." ನಾನು ಡ್ಯೂಟಿ ಹಾಕಿದೆ. ಹಾಕಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಮರುದಿನ ಹೌರಾದಿಂದ ಬಂದ ಗಾಡಿಯಲ್ಲಿ ಮದುವೆಯ ದಿಬ್ಬಣ ಅಳ್ನಾವರದಲ್ಲಿ ಹತ್ತಿತ್ತು. ನಾನು ಕ್ಯಾಸಲ್‌ರಾಕಿನಲ್ಲಿ ಸೇರಿಕೊಂಡೆ. ಘಾಟು ಇಳಿಯುವ ಮೊದಲು ಗಾಡಿಯ ಬ್ರೇಕು ಪರೀಕ್ಷೆ ಮಾಡುವುದು ಇಲ್ಲಿಯ ಪದ್ಧತಿ. ಅಷ್ಟು ಹೊತ್ತೂ ಜುಲಿಯಾನಾ ಕಿಟಕಿಗೆ ಆತು ಪ್ಲಾಟ್‌ಫಾರ್ಮನ್ನು ಹುಡುಕುತ್ತಿದ್ದಳು. ಅಪ್ಪ ಬರಲಿಲ್ಲ. ಗಾಡಿ ಇಳಿಯತೊಡಗಿ ಮೊದಲ ತಿರುವು ದಾಟಿದಾಗ, ಹಳಿಯ ಬದಿಗೆ ಅವರು ಕಂಡರು. ಕಿತ್ತಳೆ ಬಣ್ಣದ ಡ್ಯೂಟಿ ಜಾಕೀಟಿನ ಒಳಗೆ ಮದುವೆಗೆಂದು ಹೊಲಿಸಿದ ಬಿಳಿ ಅಂಗಿ. ಎತ್ತಿದ ಕೈಯಲ್ಲಿ ಹಸಿರು ನಿಶಾನೆ. ಬೆಳಕು ಹರಿಯುವ ಮೊದಲೇ ಇಳಿದು ತಮ್ಮ ಪಾಲಿನ ಒಂದೊಂದು ಕ್ಲಿಪ್ಪನ್ನೂ ಎರಡೆರಡು ಸಲ ಬಡಿದಿದ್ದರೆಂದು ಜೊತೆಯವರು ಆಮೇಲೆ ಹೇಳಿದರು.

ಜುಲಿಯಾನಾ ಅಪ್ಪನನ್ನು ನೋಡಿದಳು. ನೋಡಿ ಮುಖ ಆಚೆ ತಿರುಗಿಸಿದಳು. ನಾನು ಬಾಗಿಲಿಗೆ ಹೋಗಿ ಹೊರಗೆ ಬಗ್ಗಿ ಹಿಂದಕ್ಕೆ ನೋಡಿದೆ. ಗಾಡಿ ಪೂರಾ ದಾಟಿದ್ದರೂ ಅವರು ಕೈ ಇಳಿಸಿರಲಿಲ್ಲ.

ಅವಳು ಆಮೇಲೆ ವರ್ಷಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟಳು. ಸಾಂಬ್ರಾಣಿಗೆ ಬಂದರೂ ಅವ್ವನ ಜೊತೆ ನಾಲ್ಕು ಮಾತಾಡಿ ಹೋಗುವಳು. ಬಸ್ತ್ಯಾಂವಣ್ಣ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಹಳಿ ಬಡಿಯುತ್ತ ಬಡಿಯುತ್ತಲೇ ನಿವೃತ್ತರಾದರು.

ಕೊನೆಗೆ ಅವಳಿಗೊಂದು ಹೆಣ್ಣು ಮಗುವಾಯಿತು. ಒಂದು ಮಧ್ಯಾಹ್ನ ನನಗೆ ಫೋನು ಮಾಡಿದಳು. "ಕಾಕಾ, ಮಗೀಗ ಅಪ್ಪನ ಆಜೀ ಹೆಸರ ಇಡ್ತೇನಿ. ಅವಂಗ ಹೇಳ್ರಿ. ಬಾ ಅಂತ ಹೇಳಬ್ಯಾಡ್ರಿ, ಇಷ್ಟ ಹೇಳ್ರಿ ಸಾಕು."

ಹೇಳಿ ಕಳಿಸಿದೆ. ಮೂರನೆಯ ದಿನ ಬಸ್ತ್ಯಾಂವಣ್ಣ ನನ್ನ ಮೇಜಿನ ಮುಂದೆ ಟೋಪಿ ತೆಗೆದು ನಿಂತಿದ್ದರು. "ಪಾಸ್ ಬರೀರಿ ಸಾಹೇಬ್ರ. ವಾಸ್ಕೊ."

ನಿವೃತ್ತರಾದವರಿಗೂ ಪಾಸು ಉಂಟು, ಆದರೆ ಈಗ ಬರೆಯುವುದಿಲ್ಲ, ಎಲ್ಲ ಮೊಬೈಲಿನಲ್ಲೇ. ಅವರ ಫೋನು ಇಸಿದುಕೊಂಡು ಒತ್ತುತ್ತಾ ಹೋದೆ. ಊರಿನ ಹೆಸರು ಬಂದಾಗ, "ಖರೇನ ಏನ್ರಿ ಅಣ್ಣಾ?" ಎಂದೆ. "ಆಜೀನ ಅಲ್ಲಿ ಹುಟ್ಟ್ಯಾಳಲ್ರಿ. ಇನ್ನ ನಾ ಯಾರ ಮಾತ ಕೇಳ್ಲಿ?" ಎಂದರು. ಹೊರಗೆ ಹೋಗಿ ಚಹಾ ಕುಡಿದರು. ಅವತ್ತೂ ಪೂರ್ವಕ್ಕೇ ಮುಖ ಮಾಡಿದ್ದರು.

ಬಸ್ತ್ಯಾಂವಣ್ಣ ತೀರಿಕೊಂಡು ಈಗ ಒಂದು ವರ್ಷ. ಸಾಂಬ್ರಾಣಿಯಲ್ಲಿ ಮಣ್ಣು ಮಾಡುವ ದಿನ ಜುಲಿಯಾನಾ ಮಗುವನ್ನೆತ್ತಿಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದಳು. ಆದರೆ ನನ್ನ ಮಟ್ಟಿಗೆ ಕೊನೆಯ ಭೇಟಿ ಅದಲ್ಲ, ಅವರು ವಾಸ್ಕೊದಿಂದ ತಿರುಗಿ ಬಂದ ಬೆಳಿಗ್ಗೆಯದು.

ಹೌರಾಕ್ಕೆ ಹೋಗುವ ಗಾಡಿ ಘಾಟು ಹತ್ತಿ ಬಂದು ನಿಂತಿತು. ಅಳ್ನಾವರದ ತನಕ ಹೋಗಬೇಕಾದವರು ನನಗಾಗಿ ಕ್ಯಾಸಲ್‌ರಾಕಿನಲ್ಲೇ ಇಳಿದರು. ಕೈಯಲ್ಲಿ ಮಗಳು ಕಟ್ಟಿಕೊಟ್ಟ ಗೋಡಂಬಿಯ ಪೊಟ್ಟಣ. ಅದನ್ನು ನನಗೆ ಕೊಟ್ಟು ಬೆಂಚಿನ ಮೇಲೆ ಕೂತರು.

"ಸಮುದ್ರ ನೋಡಿದ್ರೇನ್ರಿ?" ನಾನೇ ಕೇಳಿದೆ.

"ನಿನ್ನಿ ಸಂಜಿಕ ಮಗಳು ಕರಕೊಂಡು ಹೋದ್ಲು. ಮೊಮ್ಮಗಳನ್ನ ಆಕಿ ಕೈಯಾಗ ಕೊಟ್ಟು, ದೂರ ನಿಂದ್ರ ಅಂತ ಹೇಳಿ, ನಾ ಒಬ್ಬನ ಮುಂದ ಹೋದೆ. ನೀರು ಕಾಲಿಗೆ ಬಡೀತು. ನನ್ನ ಹೆಸರ ಹೇಳಿದೆ. ಅಪ್ಪನ ಹೆಸರ ಹೇಳಿದೆ. ಆಜೀ ಹೆಸರ ಹೇಳಿದೆ. ಬಂದೇನಿ ನೋಡು, ಒಯ್ಯೂದಿದ್ರ ನನ್ನೊಬ್ಬನ್ನ ಒಯ್ಯಿ ಅಂದೆ." ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಅದಕ್ಕ ಗುರ್ತ ಸಿಗಲಿಲ್ರಿ ಸಾಹೇಬ್ರ. ಯಾರೋ ಏನೋ ಅನ್ನೂ ಹಂಗ ತಿರುಗಿ ಹೋತು. ಇಷ್ಟಕ್ಕ ನಾ ನನ್ನ ಮಗಳ ಮದಿವಿ ಬಿಟ್ಟೆ ನೋಡ್ರಿ."

ಪೊಟ್ಟಣ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ಗಾಡಿ ಸೀಟಿ ಹಾಕಿ ಪೂರ್ವದ ಸಮುದ್ರದ ಕಡೆ ಹೊರಟಿತು. ಬಸ್ತ್ಯಾಂವಣ್ಣ ಎದ್ದು ಪ್ಲಾಟ್‌ಫಾರ್ಮಿನ ಅಂಚಿಗೆ ಹೋದರು. ನಿಶಾನೆ ಇಲ್ಲದ ಬರಿಗೈಯನ್ನು ಎತ್ತಿ, ಕೊನೆಯ ಡಬ್ಬಿ ದಾಟುವವರೆಗೂ ಹಾಗೇ ಹಿಡಿದು ನಿಂತರು.